ಹಳಕಟ್ಟಿಯವರ ಹೊರವೇಷ ಮತ್ತು ಒಳಬಾಳು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಭಕ್ತ ಗೃಹಸ್ಥರ ಮನೆಗಳಲ್ಲಿ ಪೂಜೆಯ ಕೋಣೆಯ ಸಮೀಪದಲ್ಲಿ ವಚನ ಸಂಪುಟಗಳಿರುವುದು ಇಂದು ಯಾರಿಗೂ ಆಶ್ಚರ್ಯವನ್ನುಂಟುಮಾಡುವ ಸಂಗತಿಯಲ್ಲ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದ ಮೇಲಂತೂ, ಯಾವ ಶರಣರ ವಚನವನ್ನು ಓದಬೇಕೆಂದು ಮನಸ್ಸಾದರೂ ಕೈ ಚಾಚಿದರೆ ಸಿಗುವಂತಾಯಿತು. ಈ ಗ್ರಂಥಗಳ ಹೊದಿಕೆ ಅಂದವಾಗಿದೆ, ಅಕ್ಷರ ಸ್ಫುಟವಾಗಿದೆ. ಆದರೆ ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ವಚನರಾಶಿಯು ಹೊಗೆಹಿಡಿದ ಅಟ್ಟಗಳ ಮೇಲೆ, ಮಾಸಿದ ಬಟ್ಟೆಯ ಗಂಟುಗಳೊಳಗೆ, ಹುಳುವಿಗೆ ಆಹಾರವಾಗುತ್ತ ಬಿದ್ದಿತ್ತು. ಅದನ್ನು ಕೆಳಗಿಳಿಸಿ, ಧೂಳು ಕೊಡಹಿ, ಓದಿ, ನಕಲುಮಾಡಿ, ಅಚ್ಚುಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲಿಗರೆಂದು ಹೇಳತಕ್ಕವರು ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರ ಹೆಸರು ಬಂದಲ್ಲೆಲ್ಲ ಅವರ ಕೋಟಿನ ಮಾತೂ ಬರುತ್ತದೆ. ತೇಪೆ ಹಾಕಿದ ಉದ್ದನೆಯ ಕೋಟು, ಸಾದಾ ಧೋತರ, ತಲೆಗೊಂದು ರುಮಾಲು: ಇದು ಅವರನ್ನು ಕಣ್ಣಾರೆ ಕಂಡವರು ಮಕ್ಕಳಿಗೆ, ಆ ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತ ಬಂದ ಚಿತ್ರ. ಈ ಚಿತ್ರವು ಸುಳ್ಳಲ್ಲ. ಆದರೆ ಹೇಳಿ ಹೇಳಿ ಆ ಹರಕು ಕೋಟೇ ಈಗ ಒಂದು ಲಾಂಛನದಂತಾಗಿದೆ. ಸಭೆಗಳಲ್ಲಿ ಕೋಟಿನ ಕಥೆ ಹೇಳಿ ಕಣ್ಣೊರಸಿಕೊಂಡು, ಅದರೊಳಗಿದ್ದ ಮನುಷ್ಯರು ಏನು ಮಾಡಿದರೆಂಬುದನ್ನು ಕೇಳದೆ ಮನೆಗೆ ಹೋಗುವವರೇ ಹೆಚ್ಚು. ಬೆಲೆಬಾಳುವ ಉಡುಪನ್ನು ನೋಡಿ ಮಾರುಹೋಗುವುದು ಹೇಗೆ ಹೊರಗಣ್ಣಿನ ನೋಟವೋ, ಹರಿದ ಉಡುಪನ್ನು ನೋಡಿ ಮಾರುಹೋಗುವುದೂ ಹಾಗೆಯೇ ಹೊರಗಣ್ಣಿನ ನೋಟವಷ್ಟೆ.

ಹಳಕಟ್ಟಿಯವರು ಜನಿಸಿದ್ದು ೧೮೮೦ನೆಯ ಇಸವಿ ಜುಲೈ ೨ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಚರಿತ್ರೆಯ ಪುಸ್ತಕಗಳನ್ನು ಬರೆದವರು. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಮುಂದೆ ಕನ್ನಡವು ಹಿಂಜರಿದು ನಿಂತಿದ್ದ ಕಾಲವದು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕನನ್ನು ಅಜ್ಜಿ ಸಾಕಿ ಬೆಳೆಸಿದರು. ಧಾರವಾಡದ ಓದು ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜನ್ನು ಸೇರಿ, ೧೯೦೧ರಲ್ಲಿ ಬಿ.ಎ. ಪದವಿಯನ್ನೂ ೧೯೦೪ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಗುಜರಾತಿಗಳಿಗೂ ಮರಾಠಿಗರಿಗೂ ತಮ್ಮ ತಮ್ಮ ನುಡಿಯ ಮೇಲಿದ್ದ ಅಭಿಮಾನವನ್ನು ಅಲ್ಲಿ ಕಂಡದ್ದು ತರುಣನ ಮನಸ್ಸಿಗೆ ನಾಟಿತು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ವಿಜಯಪುರಕ್ಕೆ ಬಂದು ನೆಲೆಸಿದರು. ಆಗ ಆ ಊರಿಗೆ ಬಿಜಾಪುರವೆಂದೇ ಹೆಸರು.

ವಕೀಲರೆಂದರೆ ಹೊರತೋರಿಕೆಯನ್ನು ನಂಬಿ ಬಾಳಬೇಕಾದ ವೃತ್ತಿಯವರು. ಕಕ್ಷಿದಾರನು ವಕೀಲರ ಕಾನೂನು ಜ್ಞಾನವನ್ನು ಅಳೆಯಲಾರ. ಅವರ ಕೋಟು, ಕಚೇರಿ, ಕಪಾಟಿನಲ್ಲಿನ ದಪ್ಪ ಪುಸ್ತಕಗಳು, ಇವನ್ನು ನೋಡಿಯೇ ತನ್ನ ಹೊಲಮನೆಯ ಭವಿಷ್ಯವನ್ನು ಅವರ ಕೈಗೆ ಒಪ್ಪಿಸುತ್ತಾನೆ. ಇಂಥ ವೃತ್ತಿಯಲ್ಲಿ ಹಳಕಟ್ಟಿಯವರು ಮೇಲೆ ಬಂದರು. ಸರ್ಕಾರಿ ವಕೀಲರೂ ಆದರು. ೧೯೨೦ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ರಾವ್‌ಬಹಾದ್ದೂರ್ ಎಂಬ ಬಿರುದನ್ನೂ ಪಡೆದರು. ತೇಪೆಯ ಕೋಟು ಒಬ್ಬ ಬಡವನ ಕೋಟಾಗಿರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಅಂದವಾದ ಕೋಟನ್ನು ಹೊಲಿಸಿಕೊಳ್ಳುವ ಶಕ್ತಿಯೂ, ಹಾಗೆ ಹೊಲಿಸಿಕೊಳ್ಳಬೇಕೆಂದು ಲೋಕವು ಅಪೇಕ್ಷಿಸುವ ಪದವಿಯೂ ಅವರಿಗೆ ಇದ್ದವು.

ಆ ಶಕ್ತಿಯೆಲ್ಲ ಬೇರೆ ದಾರಿ ಹಿಡಿದದ್ದಕ್ಕೆ ಕಾರಣವು ಒಂದು ಮನೆಯಲ್ಲಿ ಸಿಕ್ಕಿತು. ಅವರ ಪತ್ನಿಯ ತವರು ರಬಕವಿ. ಕಾನೂನು ಓದುತ್ತಿದ್ದ ದಿನಗಳಲ್ಲಿ ರಬಕವಿ-ಬನಹಟ್ಟಿಯ ಕಡೆಗೆ ಹೋದಾಗ ಅಲ್ಲಿಯ ಭಕ್ತರೊಬ್ಬರ ಮನೆಯಲ್ಲಿ ತಾಳೆಯೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಇಂಥ ಕಟ್ಟುಗಳು ಆಗ ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ಇದ್ದವು. ಅವುಗಳಿಗೆ ವಿಭೂತಿ ಹಚ್ಚುತ್ತಿದ್ದರು, ಹೂವೇರಿಸುತ್ತಿದ್ದರು, ಹಬ್ಬದ ದಿನ ಕೈಮುಗಿಯುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳ. ಪೂಜೆಯಲ್ಲಿ ಕೊರತೆಯಿರಲಿಲ್ಲ, ಪೂಜಿಸುತ್ತಿದ್ದುದು ಕಟ್ಟಿದ ಬಟ್ಟೆಯನ್ನೋ ಒಳಗಿನ ಮಾತನ್ನೋ ಎಂಬ ಪ್ರಶ್ನೆಯೊಂದು ಹುಟ್ಟಿರಲಿಲ್ಲ.

ತಾಳೆಯೋಲೆಯ ಸ್ವಭಾವವೂ ಇಲ್ಲಿ ತಿಳಿಯತಕ್ಕದ್ದು. ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರವನ್ನು ಕೊರೆಯುತ್ತಾರೆ. ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ನೋಡಿದರೆ ಗರಿ ಬರಿದಾಗಿಯೇ ಕಾಣುತ್ತದೆ. ಮಸಿಯನ್ನು ಸವರಿ ಒರೆಸಿದಾಗ ಗೀರುಗಳೊಳಗೆ ಕಪ್ಪು ನಿಂತು ಅಕ್ಷರವು ಎದ್ದುಬರುತ್ತದೆ. ಕಾಲ ಕಳೆದಂತೆ ಆ ಮಸಿ ಅಳಿಸಿಹೋಗಿ, ಗರಿ ಮತ್ತೆ ಬರಿದಾದಂತೆ ತೋರುತ್ತದೆ. ಇಂಥ ಗರಿಗಳನ್ನು ನೋಡಿ ಏನೂ ಇಲ್ಲವೆಂದು ಒಲೆಗೆ ಹಾಕಿದವರೂ, ಹೊಳೆಗೆ ಬಿಟ್ಟವರೂ ನಾಡಿನಲ್ಲಿ ಇದ್ದರು. ಹಳಕಟ್ಟಿಯವರು ಮಾಡಿದ ಮೊದಲ ಕೆಲಸವೆಂದರೆ ಬರಿದೆಂದು ಕಾಣುವ ಗರಿಯನ್ನು ಬರಿದೆಂದು ನಂಬದೆ ಇದ್ದದ್ದು.

ಓದಿದ್ದು ಮನಸ್ಸನ್ನು ಹಿಡಿಯಿತು. ಅಂದಿನಿಂದ ಆರು ದಶಕಗಳ ಕಾಲ ಅವರು ಅದನ್ನು ಬಿಡಲಿಲ್ಲ. ಕೋರ್ಟಿನ ರಜೆಯ ದಿನಗಳಲ್ಲಿ ಹಳ್ಳಿಹಳ್ಳಿಗೆ ಹೋಗಿ, ಮಠಗಳ ಬಾಗಿಲು ತಟ್ಟಿ, ಓಲೆಗಳನ್ನು ಬೇಡಿದರು. ಪೂಜೆಯ ವಸ್ತುವನ್ನು ಹೊರಗೆ ಕೊಡಲು ಒಪ್ಪದವರು ಅನೇಕರಿದ್ದರು. ಅಂಥಲ್ಲಿ ವಾದ ಹೂಡದೆ ನಕಲು ಮಾಡಿಕೊಳ್ಳಲು ಅಪ್ಪಣೆ ಕೇಳುತ್ತಿದ್ದರು. ಹೀಗೆ ಸಾವಿರಕ್ಕೂ ಹೆಚ್ಚು ಓಲೆಗ್ರಂಥಗಳು ಅವರ ಬಳಿ ಕೂಡಿದವೆಂದು ಹೇಳುತ್ತಾರೆ.

ಕೂಡಿಸುವುದಕ್ಕಿಂತ ಓದುವುದು ಕಷ್ಟವಾಗಿತ್ತು. ಓಲೆಗರಿಯ ಬರಹದಲ್ಲಿ ಪದಪದಕ್ಕೆ ಬಿಡುವಿಲ್ಲ, ಸಾಲು ಒಡೆಯುವುದಿಲ್ಲ, ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಓದುವವನೇ ಊಹಿಸಿಕೊಳ್ಳಬೇಕು. ಒಂದು ಕಟ್ಟಿನಲ್ಲಿ ಒಂದೇ ಗ್ರಂಥವಿರುವುದೆಂಬ ನಿಯಮವೂ ಇಲ್ಲ. ಮೇಲಣ ಗರಿಯಲ್ಲಿ ಪುರಾಣದ ಹೆಸರಿದ್ದು, ನಡುವೆ ವಚನಗಳಿದ್ದು, ಕೊನೆಗೆ ಔಷಧದ ಪಟ್ಟಿಯಿರುವ ಕಟ್ಟುಗಳನ್ನು ಓಲೆಯ ಅಭ್ಯಾಸವಿದ್ದವರೆಲ್ಲರೂ ಕಂಡಿದ್ದಾರೆ. ವಚನಗಳಾದರೋ ಸ್ಥಲಗಳಿಗೆ ಅನುಸಾರವಾಗಿ ಬೆರೆತುಹೋಗಿದ್ದವು. ಒಂದು ಬಸವಣ್ಣನವರದು, ಮರುಕ್ಷಣವೇ ಅಲ್ಲಮಪ್ರಭುಗಳದು, ಅದರ ಬೆನ್ನಿಗೆ ಹೆಸರೇ ಕೇಳಿರದ ಒಬ್ಬ ಶರಣೆಯದು. ಇದು ಯಾರದೆಂದು ತಿಳಿಯಲು ಕೊನೆಯಲ್ಲಿರುವ ಅಂಕಿತವೊಂದೇ ಗುರುತು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಪ್ರಭುದೇವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು. ಇವು ಎಲ್ಲರಿಗೂ ಗೊತ್ತಿದ್ದವು. ಗೊತ್ತಿಲ್ಲದ ಅಂಕಿತಗಳು ನೂರಾರು ಇದ್ದವು. ಒಂದೊಂದನ್ನೂ ಪುರಾಣ, ಶಿಲಾಲೇಖ, ಇತರ ಕಟ್ಟುಗಳೊಡನೆ ಹೋಲಿಸಿ ನೋಡುತ್ತ ಅದರ ಹಿಂದಿನ ಮನುಷ್ಯರನ್ನು ಹುಡುಕಬೇಕಾಗಿತ್ತು.

ಆ ಹುಡುಕಾಟದಲ್ಲಿ ಎದ್ದುಬಂದವರು ಯಾರು? ಅವರು ಕೆಲಸ ಆರಂಭಿಸಿದಾಗ ಹೆಸರು ಗೊತ್ತಿದ್ದ ವಚನಕಾರರು ಐವತ್ತರ ಸುಮಾರು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚರ್ಮ ಹದಗೊಳಿಸುವ ಕಕ್ಕಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯ, ಆತನಿಗೇ ಬುದ್ಧಿ ಹೇಳಿದ ಲಕ್ಕಮ್ಮ, ಸೂಳೆ ಸಂಕವ್ವೆ. ಹೊರಗಿನಿಂದ ನೋಡುವ ಲೋಕವು ಇವರ ಕೈಯಲ್ಲಿ ಹಗ್ಗವನ್ನೂ ಹುಟ್ಟನ್ನೂ ಕಂಡಿತ್ತು. ಅವರ ಬಾಯಲ್ಲಿ ಬಂದ ಮಾತು ಓಲೆಯೊಳಗೆ ಉಳಿದುಕೊಂಡಿದ್ದರೂ ಏಳು ಶತಮಾನಗಳ ಮೇಲೆ ಅದನ್ನು ತೆರೆದು ಓದಿ, ಇವರೂ ಗ್ರಂಥಕರ್ತರೆಂದು ಅಚ್ಚಿನಲ್ಲಿ ಹೆಸರು ಹಾಕುವ ಕೆಲಸ ಉಳಿದಿತ್ತು. ಕನ್ನಡದ ಕವಿಚರಿತ್ರೆಯ ಪಂಕ್ತಿಯಲ್ಲಿ ಅಂಬಿಗರಿಗೂ ಅಗಸರಿಗೂ ಸ್ಥಾನ ಸಿಕ್ಕುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯೇನೂ ಅಲ್ಲ.

ವೇಷದ ವಿಷಯದಲ್ಲಿ ಶರಣರ ನಿಲುವು ಸರಳವಾದುದಲ್ಲ. ಒಳಗೆ ಆಚಾರವಿಲ್ಲದೆ ಹೊರಗೆ ವಿಭೂತಿ ರುದ್ರಾಕ್ಷಿಗಳನ್ನು ಧರಿಸಿದವರನ್ನು ಅವರು ಕಟುವಾಗಿ ಬೈದದ್ದು ಎಲ್ಲರಿಗೂ ಗೊತ್ತು. ಆದರೆ ಬಸವಪುರಾಣದಲ್ಲಿ ಇನ್ನೊಂದು ಕಥೆಯುಂಟು. ಉಣ್ಣುವ ಆಸೆಯಿಂದ ಕೆಲವರು ಬದನೆಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಲಿಂಗದಂತೆ ಕಟ್ಟಿಕೊಂಡು ಬಸವಣ್ಣನವರ ಮನೆಗೆ ಬಂದರು. ಬಸವಣ್ಣನವರು ಪರೀಕ್ಷೆ ಮಾಡದೆ ಪಾದಕ್ಕೆರಗಿದರು. ಗಂಟು ಬಿಚ್ಚಿದಾಗ ಒಳಗೆ ಲಿಂಗಗಳೇ ಇದ್ದವು. ಇದನ್ನು ಪವಾಡವೆಂದು ಹೇಳಿ ಮುಂದೆ ಹೋಗುವುದು ರೂಢಿ. ಹೊರಗಣ್ಣು ತಾನು ಕಂಡದ್ದರಲ್ಲಿ ಬದನೆಕಾಯಿಯನ್ನು ಹುಡುಕುತ್ತದೆ, ಭಕ್ತಿಯ ಕಣ್ಣು ಲಿಂಗವನ್ನು ಹುಡುಕುತ್ತದೆ ಎಂಬುದು ಆ ಕಥೆಯ ಹೃದಯ. ಒಳಗನ್ನು ನೋಡುವುದೆಂದರೆ ಕೇವಲ ಮೋಸವನ್ನು ಕಂಡುಹಿಡಿಯುವುದಲ್ಲ; ಮುಚ್ಚಿಹೋದ ಹಿರಿಮೆಯನ್ನು ಕಂಡುಹಿಡಿಯುವುದೂ ಹೌದು. ಎರಡನೆಯದೇ ಹೆಚ್ಚು ಶ್ರಮದ ಕೆಲಸ. ಹಳಕಟ್ಟಿಯವರು ಕೈಗೊಂಡದ್ದು ಅದನ್ನು.

ಓದಿ ವಿಂಗಡಿಸಿದ ವಚನಗಳನ್ನು ಅಚ್ಚಿಗೆ ಸಿದ್ಧಪಡಿಸಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅಚ್ಚಾಗದೆ ಅದು ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ಒಬ್ಬ ಶರಣರ ವಚನಗಳ ಬಿಡಿಪುಸ್ತಕಗಳು ಅದಕ್ಕಿಂತ ಮುಂಚೆ ಅಲ್ಲಲ್ಲಿ ಅಚ್ಚಾಗಿದ್ದುದುಂಟು. ಅನೇಕ ಶರಣರ ಮಾತುಗಳನ್ನು ವಿಷಯಾನುಸಾರವಾಗಿ ಜೋಡಿಸಿ ಒಂದು ದರ್ಶನವನ್ನಾಗಿ ತೋರಿಸಿದ್ದು ಈ ಗ್ರಂಥದ ವಿಶೇಷ. ವಚನಗಳನ್ನು ಶಾಸ್ತ್ರವೆಂದು ಕರೆದದ್ದನ್ನು ಮುಂದಿನ ವಿದ್ವಾಂಸರೆಲ್ಲರೂ ಒಪ್ಪಲಿಲ್ಲ. ಅವು ಮೊದಲು ಸಾಹಿತ್ಯ, ಆಮೇಲೆ ಶಾಸ್ತ್ರವೆಂಬ ವಾದಕ್ಕೂ ಬಲವಿದೆ. ಅದಕ್ಕೆ ಒಂದು ವರ್ಷ ಮುಂಚೆ, ೧೯೨೨ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕನ್ನಡ ಬಾರದ ವಿದ್ವಾಂಸರೂ ಅದರಿಂದ ಬಸವಣ್ಣನವರ ಮಾತನ್ನು ತಿಳಿಯುವಂತಾಯಿತು.

ಇನ್ನೊಬ್ಬರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ಅವರಿಗೆ ಮನವರಿಕೆಯಾಗಿತ್ತು. ೧೯೨೫ರಲ್ಲಿ ತಮ್ಮ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮುಂದಿನ ಬಾಳೆಲ್ಲ ಬಾಡಿಗೆಯ ಮನೆಯಲ್ಲಿ ಸಾಗಿತು. ೧೯೨೬ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನು, ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನು ಆರಂಭಿಸಿದರು. ಶಿವಾನುಭವವು ಮೊದಲು ತ್ರೈಮಾಸಿಕವಾಗಿದ್ದು ಆಮೇಲೆ ಮಾಸಪತ್ರಿಕೆಯಾಗಿ, ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಸಂಪಾದಕರೂ ಅವರೇ, ಕರಡು ತಿದ್ದುವವರೂ ಅವರೇ. ಅಚ್ಚಾದ ಪ್ರತಿಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಅಂಚೆಗೆ ಒಯ್ಯುತ್ತಿದ್ದುದನ್ನೂ ಕಂಡವರು ಹೇಳುತ್ತಿದ್ದರು. ಹರಿಹರನ ರಗಳೆಗಳು, ಶೂನ್ಯಸಂಪಾದನೆ, ಒಬ್ಬೊಬ್ಬ ಶರಣರ ಚರಿತ್ರೆ, ಇವೆಲ್ಲ ಒಂದರ ಹಿಂದೊಂದು ಹೊರಬಂದವು. ಚಂದಾದಾರರು ಕೆಲವರು, ಚಂದಾ ಕೊಟ್ಟವರು ಅವರಿಗಿಂತ ಕೆಲವರು. ವಕೀಲಿಯಿಂದ ಬಂದ ಹಣವು ಅಚ್ಚಿನ ಮೊಳೆಗೂ ಕಾಗದಕ್ಕೂ ಹೋಯಿತು. ಕ್ರಮೇಣ ವಕೀಲಿಯೇ ಹಿಂದಕ್ಕೆ ಸರಿಯಿತು.

ಇಲ್ಲಿ ಮನೆಯವರನ್ನು ನೆನೆಯದೆ ಹೋದರೆ ಚರಿತ್ರೆಯು ಅಪೂರ್ಣವಾಗುತ್ತದೆ. ಮನೆ ಮಾರಿದವರ ತ್ಯಾಗವನ್ನು ಲೋಕವು ಕೊಂಡಾಡುತ್ತದೆ. ಮಾರಿದ ಮನೆಯಿಂದ ಪಾತ್ರೆಪಡಗ ಹೊತ್ತು ಹೊರಬಂದ ಗೃಹಿಣಿಯ ಹೆಸರನ್ನು ಕೇಳುವವರಿಲ್ಲ. ಅವರ ಪತ್ನಿಯ ಹೆಸರು ಭಾಗೀರಥಿ. ವಕೀಲರ ಮನೆಯ ಸೊಸೆಯಾಗಿ ಬಂದು ಮುದ್ರಣಾಲಯದ ಮನೆಯ ಯಜಮಾನಿತಿಯಾದವರು. ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಅಚ್ಚುಹಾಕಿದ ಮನೆಯಲ್ಲಿ ಬೇಕಾದುದಕ್ಕಿಂತ ಹೆಚ್ಚಿಗೆ ಅಕ್ಕಿ ಎಂದೂ ಇರಲಿಲ್ಲವೆಂದು ತಿಳಿದರೆ ತಪ್ಪಾಗಲಾರದು.

ಹಾಗಾದರೆ ಹಳಕಟ್ಟಿಯವರು ಹಣವನ್ನು ತಿರಸ್ಕರಿಸಿದ ವಿರಕ್ತರೇ? ಕೋಟಿನ ಕಥೆಯನ್ನಷ್ಟೇ ಕೇಳಿದವರು ಹಾಗೆಂದುಕೊಳ್ಳುತ್ತಾರೆ. ನಿಜ ಸಂಗತಿ ಬೇರೆ. ೧೯೧೨ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪನೆಯಾದದ್ದು ಇವರ ಮುಂದಾಳ್ತನದಿಂದ. ಒಕ್ಕಲಿಗರಿಗಾಗಿ ಸಹಕಾರಿ ಸಂಘಗಳನ್ನು ಕಟ್ಟಿದರು. ಮಳೆ ಕೈಕೊಡುವ ಜಿಲ್ಲೆಯಲ್ಲಿ ಬರಗಾಲದ ಪರಿಹಾರಕ್ಕಾಗಿ ಅರ್ಜಿ ಬರೆದರು, ಅಧಿಕಾರಿಗಳನ್ನು ಕಂಡರು. ೧೯೧೦ರಲ್ಲಿ ಆರಂಭವಾದ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯ, ಎಂದರೆ ಇಂದು ಬಿ.ಎಲ್.ಡಿ.ಇ. ಎಂದು ಹೆಸರಾಗಿರುವ ಸಂಸ್ಥೆಯ, ಸ್ಥಾಪಕರೂ ಇವರೇ. ನಗರದ ಪುರಸಭೆಯಲ್ಲಿ ಕುಳಿತು ಕುಡಿಯುವ ನೀರಿನ ಚಿಂತೆ ಮಾಡಿದರು. ಬ್ಯಾಂಕು ಕಟ್ಟಿದವರಿಗೆ ರೂಪಾಯಿಯ ಬೆಲೆ ಗೊತ್ತಿಲ್ಲವೆಂದು ಹೇಳಲಾಗದು. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಂದು ರೂಪಾಯಿಗೆ ಎಷ್ಟು ಕಾಗದ ಬರುತ್ತದೆ, ಅದರಲ್ಲಿ ಎಷ್ಟು ಪುಟ ಅಚ್ಚಾಗುತ್ತವೆ ಎಂಬ ಲೆಕ್ಕವೂ ಗೊತ್ತಿತ್ತು. ತೇಪೆಯ ಕೋಟು ಈ ಲೆಕ್ಕದಿಂದ ಹುಟ್ಟಿದುದು, ವೈರಾಗ್ಯದ ಪ್ರದರ್ಶನದಿಂದಲ್ಲ. ಕಾವಿಯನ್ನು ಉಡದೆ, ಸಂಸಾರವನ್ನು ಬಿಡದೆ, ಕೋರ್ಟು, ಬ್ಯಾಂಕು, ಪುರಸಭೆಗಳ ನಡುವೆಯೇ ಕಾಯಕ ದಾಸೋಹಗಳನ್ನು ನಡೆಸಿದ ಗೃಹಸ್ಥರು ಅವರು. ಗೃಹಸ್ಥರಾದ ಭಕ್ತರು ಅವರಲ್ಲಿ ನೋಡಬೇಕಾದುದು ಇದನ್ನು.

ಬ್ಯಾಂಕಿನ ಹಣ ಬೇರೆ, ಮನೆಯ ಹಣ ಬೇರೆ, ಮುದ್ರಣಾಲಯದ ಹಣ ಬೇರೆ. ಅನೇಕ ಸಂಸ್ಥೆಗಳನ್ನು ಕಟ್ಟಿದ ಕೈಗಳಲ್ಲಿ ಈ ಗೆರೆಗಳು ಮಸುಕಾಗುವುದನ್ನು ಲೋಕವು ಕಂಡಿದೆ. ಸಂಸ್ಥೆಗಳು ಬೆಳೆದವು, ಅವರು ಬಾಡಿಗೆಯ ಮನೆಯಲ್ಲಿಯೇ ಉಳಿದರು. ಕೋಟಿನ ಹೊರಮೈಯಲ್ಲಿದ್ದ ತೇಪೆಗಳಿಗಿಂತ ಈ ಒಂದು ಸಂಗತಿಗೆ ಹೆಚ್ಚಿನ ಬೆಲೆಯನ್ನು ಕೊಡಬೇಕಾಗುತ್ತದೆ.

ಮರ್ಯಾದೆಗಳು ಬರದೆ ಇರಲಿಲ್ಲ. ೧೯೨೬ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ವಿಜಯಪುರಕ್ಕೆ ಬರುವವರು ಸಾಮಾನ್ಯವಾಗಿ ಗೋಳಗುಮ್ಮಟವನ್ನು ನೋಡಲು ಬರುತ್ತಾರೆ. ಆ ಊರಿನಲ್ಲಿ ಎರಡು ಗುಮ್ಮಟಗಳಿವೆ, ಒಂದು ಕಲ್ಲಿನದು, ಇನ್ನೊಂದು ವಚನದ ಗುಮ್ಮಟವಾದ ಹಳಕಟ್ಟಿಯವರು ಎಂಬ ಅರ್ಥದ ಮಾತನ್ನು ಬಿ.ಎಂ. ಶ್ರೀಕಂಠಯ್ಯನವರು ಹೇಳಿದರೆಂದು ಪ್ರಸಿದ್ಧಿಯಿದೆ. ಕಲ್ಲಿನ ಗುಮ್ಮಟವು ಹರದಾರಿ ದೂರದಿಂದಲೇ ಕಾಣುತ್ತದೆ. ಇನ್ನೊಂದನ್ನು ಕಾಣಬೇಕಾದರೆ ಬಾಡಿಗೆಯ ಮನೆಯೊಂದರ ಬಾಗಿಲು ದಾಟಿ, ಓಲೆಯ ಕಟ್ಟುಗಳ ನಡುವೆ ಕನ್ನಡಕವೇರಿಸಿ ಬಗ್ಗಿ ಕುಳಿತವರನ್ನು ಗುರುತಿಸಬೇಕಾಗಿತ್ತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅವರು ಬಯಸಿದ್ದ ಕರ್ನಾಟಕದ ಏಕೀಕರಣವೂ ಅದೇ ವರ್ಷ ನವೆಂಬರಿನಲ್ಲಿ ಕೈಗೂಡಿತು. ಆಗ ಅವರಿಗೆ ಎಪ್ಪತ್ತಾರು ವಯಸ್ಸು. ಡಾಕ್ಟರ್ ಎಂಬ ಹೆಸರು ಸೇರಿದ ಮೇಲೂ ಕರಡು ತಿದ್ದುವುದು ನಿಲ್ಲಲಿಲ್ಲ.

ಅವರ ಪಾಠಗಳಲ್ಲಿ ದೋಷಗಳಿಲ್ಲದಿಲ್ಲ. ಮುಂದೆ ಬಂದ ಸಂಪಾದಕರು ಹೆಚ್ಚಿನ ಓಲೆಪ್ರತಿಗಳನ್ನು ಹೋಲಿಸಿ ಅನೇಕ ಕಡೆಗಳಲ್ಲಿ ತಿದ್ದಿದ್ದಾರೆ. ಕೆಲವು ವಚನಗಳ ಕರ್ತೃತ್ವವನ್ನು ಬದಲಿಸಿದ್ದಾರೆ. ಆ ಸಂಪಾದಕರಿಗೆ ವಿಶ್ವವಿದ್ಯಾಲಯಗಳ ಸಂಬಳವಿತ್ತು, ಸಹಾಯಕರಿದ್ದರು, ಮುಂದೆ ಒಂದು ಅಚ್ಚಾದ ಪುಸ್ತಕವಿತ್ತು. ಹಳಕಟ್ಟಿಯವರ ಮುಂದೆ ಇದ್ದದ್ದು ಮಸಿ ಅಳಿಸಿದ ಗರಿ. ತಿದ್ದಿದವರೂ ಅದನ್ನು ಬಲ್ಲವರಾದುದರಿಂದ ಅವರನ್ನು ವಚನಪಿತಾಮಹರೆಂದೇ ಕರೆದರು.

ಹಳಕಟ್ಟಿಯವರು ೧೯೬೪ರ ಜೂನ್ ೨೯ರಂದು ವಿಜಯಪುರದಲ್ಲಿ ಲಿಂಗೈಕ್ಯರಾದರು. ಇನ್ನು ಮೂರು ದಿನ ಕಳೆದಿದ್ದರೆ ಎಂಬತ್ತನಾಲ್ಕು ವರ್ಷಗಳು ತುಂಬುತ್ತಿದ್ದವು. ಬಿ.ಎಲ್.ಡಿ.ಇ. ಸಂಸ್ಥೆಯು ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವನ್ನು ತೆರೆದು ಅವರ ಬರಹಗಳನ್ನು ಸಂಪುಟಗಳಾಗಿ ಮತ್ತೆ ಪ್ರಕಟಿಸಿದೆ. ಜನ್ಮದಿನವಾದ ಜುಲೈ ೨ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ನಾಡಿನಲ್ಲಿ ಆಚರಿಸುತ್ತಾರೆ. ಆ ದಿನದ ಸಭೆಗಳಲ್ಲಿ ರುಮಾಲು ಸುತ್ತಿದ, ಉದ್ದನೆಯ ಕೋಟು ತೊಟ್ಟ ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತಾರೆ. ಕೆಲವು ಸಭೆಗಳಲ್ಲಿ ಶಿವಾನುಭವದ ಒಂದು ಹಳೆಯ ಸಂಚಿಕೆಯನ್ನು ತಂದು, ಬಿಚ್ಚಿ, ಒಂದೆರಡು ಪುಟಗಳನ್ನು ಓದಿಸುವುದೂ ಉಂಟು.